ಬೂದಿ ಮೆರುಗು: ಎಡೆದೊರೆ ನಾಡಿನ ಬೂದಿ, ಮಣ್ಣು, ಬೆಂಕಿ

ಮರ, ಹುಲ್ಲು, ದಂಟು, ಹೊಟ್ಟುಗಳನ್ನು ಸುಟ್ಟು ಬಂದ ಬೂದಿಯನ್ನು ಮಣ್ಣು ಇಲ್ಲವೇ ಕಲ್ಲಿನ ಪುಡಿಯೊಂದಿಗೆ ನೀರಿನಲ್ಲಿ ಕದಡಿ ಪಾತ್ರೆಗೆ ಬಳಿದು, ಹೆಚ್ಚಿನ ಉಷ್ಣದಲ್ಲಿ ಸುಟ್ಟಾಗ ಮೈಮೇಲೆ ಮೂಡುವ ಗಾಜಿನ ಪದರವೇ ಬೂದಿ ಮೆರುಗು. ಉಪ್ಪಿನಕಾಯಿ ಜಾಡಿಯ, ಪಿಂಗಾಣಿ ಬಟ್ಟಲಿನ ಹೊಳಪೂ ಗಾಜೇ. ಆದರೆ ಅದರ ಸಾಮಗ್ರಿ ಕಾರ್ಖಾನೆಯಲ್ಲಿ ಪುಡಿಯಾಗಿ ಚೀಲದಲ್ಲಿ ಬರುತ್ತದೆ. ಬೂದಿ ಮೆರುಗಿನದು ಒಲೆಯಿಂದ, ಹೊಲದಿಂದ, ಅಕ್ಕಿ ಗಿರಣಿಯಿಂದ ಬರುತ್ತದೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಆ ಸೀಮೆಯ ಮಾನ್ವಿ, ದೇವದುರ್ಗ, ರಾಯಚೂರು ಮತ್ತು ಮಾನ್ವಿ–ಸಿಂಧನೂರು ದಾರಿಯ ಪೋತ್ನಾಳವನ್ನು ಮುಂದಿಟ್ಟುಕೊಂಡು ಈ ಲೇಖನ ಬೂದಿ ಮೆರುಗನ್ನು ವಿವರಿಸುತ್ತದೆ. ಇಲ್ಲಿ ಬೂದಿ ರಾಶಿ ರಾಶಿಯಾಗಿದೆ, ಬಂಡೆಗಲ್ಲೂ ಧಾರಾಳವಾಗಿದೆ. ಕೊರತೆಯಿರುವುದು ಮೆರುಗು ಕರಗುವಷ್ಟು ಉಷ್ಣ ತಡೆಯುವ ಜೇಡಿಮಣ್ಣಿಗೆ ಮತ್ತು ಅಷ್ಟು ಉಷ್ಣ ಕೊಡುವ ಆವಿಗೆಗೆ.

ಬೂದಿ ಗಾಜಾಗುವುದು ಹೇಗೆ

ಮೆರುಗಿಗೆ ಮೂರು ಅಂಶ ಬೇಕು. ಗಾಜಾಗುವ ಸಿಲಿಕಾ, ಕರಗಿದ ಗಾಜು ಜಾರಿಹೋಗದಂತೆ ಹಿಡಿದಿಡುವ ಅಲ್ಯೂಮಿನಾ, ಇವೆರಡನ್ನೂ ಕರಗಿಸುವ ಕ್ಷಾರ ಅಥವಾ ಸುಣ್ಣ. ಶುದ್ಧ ಸಿಲಿಕಾ ಕರಗಲು 1,700 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಯಾವ ಕುಂಬಾರನ ಆವಿಗೆಯೂ ಅಲ್ಲಿಗೆ ಹೋಗುವುದಿಲ್ಲ. ಸುಣ್ಣ, ಅಲ್ಯೂಮಿನಾ, ಸಿಲಿಕಾ ಮೂರನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಅದೇ ಮಿಶ್ರಣ ಸುಮಾರು 1,170 ಡಿಗ್ರಿಗೆ ಕರಗತೊಡಗುತ್ತದೆ. ಸುಣ್ಣವನ್ನೂ ಪೊಟ್ಯಾಷನ್ನೂ ಬೂದಿ ಕೊಡುತ್ತದೆ, ಉಳಿದೆರಡನ್ನು ಜೇಡಿಮಣ್ಣು ಕೊಡುತ್ತದೆ. ಹೀಗೆ ಒಂದು ಪಾಲು ಬೂದಿ, ಒಂದು ಪಾಲು ಮಣ್ಣು ಎಂಬಷ್ಟು ಸರಳವಾದ ಪಾಕದಿಂದಲೂ 1,240ರಿಂದ 1,280 ಡಿಗ್ರಿಯ ನಡುವೆ ನಿಜವಾದ ಗಾಜು ಬರುತ್ತದೆ.

ಗಿಡ ಮಣ್ಣಿನಿಂದ ಹೀರಿದ ಖನಿಜವೆಲ್ಲ ಬೂದಿಯಲ್ಲಿ ಉಳಿಯುತ್ತದೆ. ಸುಣ್ಣ, ಪೊಟ್ಯಾಷ್‌ಗಳ ಜೊತೆಗೆ ಮೆಗ್ನೀಸಿಯಂ, ರಂಜಕ, ಕಬ್ಬಿಣ, ಮ್ಯಾಂಗನೀಸುಗಳೂ ಒಂದಿಷ್ಟು ಇರುತ್ತವೆ. ಶೇಕಡಾ ಒಂದೆರಡು ಕಬ್ಬಿಣವಿದ್ದು ಆವಿಗೆಯಲ್ಲಿ ಗಾಳಿ ಕಡಿಮೆಯಾದರೆ ಮೆರುಗು ತಿಳಿ ಹಸಿರಾಗುತ್ತದೆ. ಗಾಳಿ ಧಾರಾಳವಾದರೆ ಅದೇ ಪಾಕ ಜೇನಿನ ಬಣ್ಣಕ್ಕೆ ತಿರುಗುತ್ತದೆ. ರಂಜಕ ಮತ್ತು ಹೆಚ್ಚಿನ ಸಿಲಿಕಾ ಸೇರಿದಲ್ಲಿ ಹಾಲಿನಂಥ ನೀಲಿಛಾಯೆ ಮೂಡುತ್ತದೆ. ಬೂದಿಯ ಮೆರುಗು ತೆಳುವಾಗಿ ಹರಿದು ಗೆರೆಗೆರೆಯಾಗಿ ಇಳಿಯುವುದಕ್ಕೆ ಸುಣ್ಣ ಹೆಚ್ಚಿ ಅಲ್ಯೂಮಿನಾ ಕಡಿಮೆಯಾಗಿರುವುದೇ ಕಾರಣ.

ಇಲ್ಲಿನ ಕುಂಬಾರಿಕೆ

ರಾಯಚೂರು ಸೀಮೆಯ ಕುಂಬಾರರು ತಿಗರಿಯ ಮೇಲೆ ಎತ್ತಿ, ಬಡಿದು ದೊಡ್ಡದು ಮಾಡುವ ಹರವಿ, ಗಡಿಗೆ, ಕೊಡ, ಮಗಿಗಳಿಗೆ ಗಾಜುಮೆರುಗು ಇಲ್ಲ. ಕೆಂಪು ಬಣ್ಣ ಬರುವುದು ಕೆಮ್ಮಣ್ಣಿನ ಲೇಪದಿಂದ, ಹೊಳಪು ಬರುವುದು ಅರೆ ಒಣಗಿದಾಗ ನುಣುಪು ಕಲ್ಲಿನಿಂದ ತಿಕ್ಕುವುದರಿಂದ. ಕುಳ್ಳು, ಕಟ್ಟಿಗೆ, ಹುಲ್ಲು ಒಟ್ಟಿ ಹೊತ್ತಿಸುವ ಆವಿಗೆಯ ಉಷ್ಣ ಸಾಮಾನ್ಯವಾಗಿ 700ರಿಂದ 900 ಡಿಗ್ರಿ. ಆ ಉಷ್ಣದಲ್ಲಿ ಮಣ್ಣು ಗಟ್ಟಿಯಾಗುತ್ತದೆ, ಆದರೆ ಸಣ್ಣ ರಂಧ್ರಗಳು ಮುಚ್ಚುವುದಿಲ್ಲ. ಬೇಸಿಗೆಯಲ್ಲಿ ಹರವಿಯ ನೀರು ತಣ್ಣಗಿರುವುದು ಆ ರಂಧ್ರಗಳಿಂದಲೇ: ಒಳಗಿನ ನೀರು ಮೈಗೆ ಜಿನುಗಿ ಆರುತ್ತಾ ಉಷ್ಣವನ್ನು ಒಯ್ಯುತ್ತದೆ. ರಾಯಚೂರಿನ ಬಿಸಿಲಿಗೆ ಇದಕ್ಕಿಂತ ತಕ್ಕ ಪಾತ್ರೆ ಇನ್ನೊಂದಿಲ್ಲ. ಹರವಿಗೆ ಮೆರುಗು ಬಳಿದರೆ ಅದರ ಗುಣವೇ ಕೆಡುತ್ತದೆ. ಮೆರುಗು ಬೇಕಾಗುವುದು ಎಣ್ಣೆ, ತುಪ್ಪ, ಮಜ್ಜಿಗೆ, ಹುಳಿ, ಉಪ್ಪಿನಕಾಯಿ ತುಂಬಿಡುವ ಪಾತ್ರೆಗೆ, ಊಟದ ಬಟ್ಟಲಿಗೆ, ಚಹಾ ಕಪ್ಪಿಗೆ, ಆಭರಣದ ಮಣಿಗೆ.

ಮೆರುಗಿಲ್ಲದ ಹೊಳಪಿಗೆ ಈ ನೆಲದಲ್ಲಿ ಬಹಳ ಹಳೆಯ ಪರಂಪರೆಯಿದೆ. ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅಗೆಸಿದಾಗ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳು ಸಿಕ್ಕವು. ಅವುಗಳ ಮೈ ಕನ್ನಡಿಯಂತೆ ನುಣುಪು. ಅದು ತಿಕ್ಕಿ ಬಂದ ಹೊಳಪೇ ಹೊರತು ಗಾಜಲ್ಲ. ಕವಿ ಹರಿಹರ ರಗಳೆ ಬರೆದು ಹಾಡಿದ ಶರಣ ಕುಂಬಾರ ಗುಂಡಯ್ಯನೂ ಇದೇ ಕಲ್ಯಾಣ ಸೀಮೆಯ ಭಲ್ಲುಕೆಯವನು. ಅವನು ಮಡಕೆ ತಟ್ಟುವ ಸದ್ದಿಗೆ ಶಿವನೇ ಕುಣಿದನೆಂಬುದು ಕಥೆ. ಚೆನ್ನಾಗಿ ಬೆಂದ ಮಡಕೆಯನ್ನು ಕುಂಬಾರರು ಇಂದಿಗೂ ಬೆರಳಿನಿಂದ ತಟ್ಟಿ ಸದ್ದಿನಿಂದಲೇ ಗುರುತಿಸುತ್ತಾರೆ.

ಪೋತ್ನಾಳದ ಹೆಸರು ಮಣ್ಣಿನ ಕೆಲಸದೊಂದಿಗೆ ಸೇರಿರುವುದು ಇನ್ನೊಂದು ದಾರಿಯಿಂದ. ಇಲ್ಲಿನ ಜಾಗೃತ ಮಹಿಳಾ ಸಂಘಟನೆಯ ದಲಿತ ಕೃಷಿಕೂಲಿ ಮಹಿಳೆಯರು ಸುಟ್ಟ ಮಣ್ಣಿನ ಆಭರಣಗಳನ್ನು ಮಾಡಿ ಹೊರ ಊರುಗಳ ಮಾರುಕಟ್ಟೆಗೆ ಕಳಿಸಿದ್ದಾರೆ. ಕುಲಕಸುಬಿನ ಗೆರೆಯ ಹೊರಗಿನ ಹೆಣ್ಣುಮಕ್ಕಳು ಮಣ್ಣಿಗೆ ಕೈಹಾಕಿ ಅದನ್ನು ಸಂಪಾದನೆಯ ದಾರಿ ಮಾಡಿಕೊಂಡದ್ದು ಸಣ್ಣ ಸಂಗತಿಯಲ್ಲ. ಸಣ್ಣ ಮಣಿ, ಲೋಲಾಕುಗಳಿಗೆ ಬೇಕಾಗುವ ಮೆರುಗು ಬೆರಳೆಣಿಕೆಯ ಗ್ರಾಮುಗಳಷ್ಟು. ಆವಿಗೆಯೂ ಚಿಕ್ಕದು ಸಾಕು. ಈ ಸೀಮೆಯಲ್ಲಿ ಬೂದಿ ಮೆರುಗು ಮೊದಲು ಬೇರೂರಬಹುದಾದ ಜಾಗ ಇಂಥ ಸಣ್ಣ ಕೆಲಸವೇ ಎಂದು ಹೇಳಬೇಕಾಗುತ್ತದೆ.

ಯಾವ ಬೂದಿ, ಏನು ಗುಣ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ, ಸಿಂಧನೂರು ತಾಲ್ಲೂಕುಗಳು ಭತ್ತದ ಕಣಜವಾದವು. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು. ಹೊಟ್ಟನ್ನು ಸುಟ್ಟರೆ ಅದರ ತೂಕದ ಐದನೇ ಒಂದು ಪಾಲು ಬೂದಿ. ಅಂದರೆ ಒಂದು ಟನ್ ಭತ್ತದಿಂದ ಸುಮಾರು 40 ಕಿಲೊ ಬೂದಿ. ಈ ಬೂದಿಯಲ್ಲಿ ಶೇಕಡಾ 85ರಿಂದ 95ರಷ್ಟು ಸಿಲಿಕಾ ಇರುತ್ತದೆ. ಬೇರೆ ಊರಿನ ಕುಂಬಾರರು ಬೆಣಚುಕಲ್ಲಿನ ಹಿಟ್ಟನ್ನು ದುಡ್ಡು ಕೊಟ್ಟು ತರುತ್ತಾರೆ. ಇಲ್ಲಿ ಅದೇ ಸಿಲಿಕಾ ಗಿರಣಿಯ ಬಾಯ್ಲರಿನಿಂದ, ಇಟ್ಟಂಗಿ ಭಟ್ಟಿಯಿಂದ ಬಂದು ರಸ್ತೆಬದಿಯಲ್ಲಿ ಬಿದ್ದಿರುತ್ತದೆ. ಹೊಟ್ಟಿನ ಬೂದಿ ಒಂದೇ ಕರಗುವುದಿಲ್ಲ, ಏಕೆಂದರೆ ಅದರಲ್ಲಿ ಕರಗಿಸುವ ಅಂಶ ತೀರ ಕಡಿಮೆ. ಕಟ್ಟಿಗೆ ಬೂದಿಯೊಂದಿಗೆ ಬೆರೆಸಿದಾಗ ಮಾತ್ರ ಅದು ಹಾಲುಬಿಳಿ ಮೆರುಗಾಗುತ್ತದೆ. ಜಪಾನಿನ ಕರಾತ್ಸು ಸೀಮೆಯ ಹೆಸರುವಾಸಿ ಬಿಳಿ ಮೆರುಗಿನ ಮೂಲವೂ ಹುಲ್ಲು-ಹೊಟ್ಟುಗಳ ಈ ಬೂದಿಯೇ.

ಕಟ್ಟಿಗೆಯ ಬೂದಿಯದು ಇದಕ್ಕೆ ವಿರುದ್ಧ ಸ್ವಭಾವ. ಅದರಲ್ಲಿ ಸುಣ್ಣವೇ ಪ್ರಧಾನ. ತೊಗಟೆ ಹೆಚ್ಚಿದ್ದಷ್ಟೂ ಸುಣ್ಣ ಹೆಚ್ಚು. ಬಳ್ಳಾರಿ ಜಾಲಿ ಈ ಸೀಮೆಯ ಬೀಳು, ಹಳ್ಳದ ದಂಡೆ, ಕಾಲುವೆ ಬದಿಗಳನ್ನೆಲ್ಲ ಆವರಿಸಿದೆ. ಉರುವಲಿಗೂ ಇದ್ದಿಲಿಗೂ ಅದೇ ಬಳಕೆ. ಕರಿಜಾಲಿ, ಬೇವು, ಹುಣಸೆ ಕಟ್ಟಿಗೆಗಳ ಬೂದಿಯೂ ಇದೇ ವರ್ಗಕ್ಕೆ ಸೇರುತ್ತದೆ. ಮರ ಕೊಡುವ ಬೂದಿ ಮಾತ್ರ ಬಹಳ ಸ್ವಲ್ಪ, ಒಣ ಕಟ್ಟಿಗೆಯ ತೂಕದ ನೂರಕ್ಕೆ ಒಂದರಷ್ಟು. ಆದ್ದರಿಂದ ಬೂದಿಗೆಂದೇ ಮರ ಕಡಿಯುವುದು ಅವಿವೇಕ. ಖಾನಾವಳಿ, ಜಿಲೇಬಿ ಅಂಗಡಿ, ಬೆಲ್ಲದ ಗಾಣ, ಮದುವೆ ಮನೆಯ ಕೋಡಿಒಲೆಗಳಲ್ಲಿ ಹೇಗೂ ಉಳಿಯುವ ಬೂದಿಯನ್ನು ಕೇಳಿ ತರುವುದೇ ಸರಿ.

ಇವೆರಡರ ನಡುವೆ ಹೊಲದ ದಂಟುಗಳು ಬರುತ್ತವೆ. ರಾಯಚೂರಿನ ಹತ್ತಿ ಮಾರುಕಟ್ಟೆ ಹೆಸರಾದದ್ದು. ಹತ್ತಿ ಬಿಡಿಸಿದ ಮೇಲೆ ಉಳಿಯುವ ಕಟ್ಟಿಗೆಯನ್ನು ಮಾನ್ವಿ, ದೇವದುರ್ಗದ ಮನೆಗಳು ಒಲೆಗೆ ಬಳಸುತ್ತವೆ. ತೊಗರಿ ಕಟ್ಟಿಗೆಯದೂ ಹಾಗೆಯೇ. ಇವುಗಳ ಬೂದಿಯಲ್ಲಿ ಪೊಟ್ಯಾಷ್ ಹೆಚ್ಚಿರುವುದರಿಂದ ಬೇಗ ಕರಗುತ್ತದೆ. ಜೋಳದ ಕಣಿಕೆ ದನದ ಮೇವು. ಅದನ್ನು ಸುಡುವ ಮಾತೇ ಇಲ್ಲ. ದನ ತಿಂದ ಮೇಲೆ ಕುಳ್ಳಾಗಿ ಒಲೆ ಸೇರಿದಾಗ ಆ ಹುಲ್ಲಿನ ಸಿಲಿಕಾ ಕುಳ್ಳಿನ ಬೂದಿಯಲ್ಲಿ ಸಿಗುತ್ತದೆ.

ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಹಾರುಬೂದಿಯನ್ನು ಇವುಗಳ ಸಾಲಿಗೆ ಸೇರಿಸಬಾರದು. ಅದು ಕಲ್ಲಿದ್ದಲಿನ ಬೂದಿ. ಅದರಲ್ಲಿ ಸಿಲಿಕಾ, ಅಲ್ಯೂಮಿನಾ ಹೆಚ್ಚು, ಕರಗಿಸುವ ಅಂಶ ಕಡಿಮೆ, ಜೊತೆಗೆ ಭಾರಲೋಹಗಳ ಸುಳಿವು. ಇಟ್ಟಿಗೆಗೆ ಸಲ್ಲುತ್ತದೆ, ಊಟದ ಪಾತ್ರೆಗೆ ಸಲ್ಲ.

ನೆಲ ತಾನೇ ಮಾಡಿದ ಗಾಜು: ಬೂದಿದಿಬ್ಬಗಳು

ಸಸ್ಯದ ಬೂದಿ ಕರಗಿ ಗಾಜಾದದ್ದಕ್ಕೆ ಪುರಾವೆ ನೋಡಲು ಚೀನಾದವರೆಗೆ ಹೋಗಬೇಕಿಲ್ಲ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಗಳಲ್ಲಿ ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿದಿಬ್ಬಗಳಿವೆ. ಬಳ್ಳಾರಿ ಬಳಿಯ ಕುಡತಿನಿಯ ದಿಬ್ಬ ಇವುಗಳಲ್ಲಿ ಪ್ರಸಿದ್ಧ. ರಾಕ್ಷಸನನ್ನು ಸುಟ್ಟ ಬೂದಿ ಎಂಬುದು ಜನರ ನಂಬಿಕೆ. ದಿಬ್ಬಗಳಲ್ಲಿ ಬರಿಯ ಪುಡಿ ಬೂದಿಯಷ್ಟೇ ಅಲ್ಲದೆ ಕರಗಿ ನೊರೆಗಟ್ಟಿ ಹೆಪ್ಪಾದ ಗಾಜಿನ ಗಟ್ಟಿಗಳೂ ಇರುವುದರಿಂದ 19ನೇ ಶತಮಾನದ ನೋಡುಗರಲ್ಲಿ ಕೆಲವರು ಇವು ಕಬ್ಬಿಣ ಕರಗಿಸಿದ ಕಿಟ್ಟವೆಂದೂ ಇನ್ನು ಕೆಲವರು ಜ್ವಾಲಾಮುಖಿಯ ಉಳಿಕೆಯೆಂದೂ ಊಹಿಸಿದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಇವು ದನದ ಸಗಣಿಯ ರಾಶಿಗಳು ಉರಿದು ಆದವು ಎಂಬ ತೀರ್ಮಾನಕ್ಕೆ ಬಂದರು. 1960ರಲ್ಲಿ ಎಫ್.ಇ. ಝಾಯ್ನರ್ ಪ್ರಯೋಗಾಲಯದ ಪರೀಕ್ಷೆಯಿಂದ ಅದನ್ನು ಗಟ್ಟಿಗೊಳಿಸಿದರು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1952ರಲ್ಲಿ, ಕೃಷ್ಣೆಯ ಆಚೆಯ ಉಟ್ನೂರಿನಲ್ಲಿ 1957ರಲ್ಲಿ ಎಫ್.ಆರ್. ಆಲ್ಚಿನ್ ಉತ್ಖನನ ಮಾಡಿದರು. ಉಟ್ನೂರಿನಲ್ಲಿ ದೊಡ್ಡಿಯ ಕಂಬದ ಕುಳಿಗಳೂ ದನದ ಗೊರಸಿನ ಗುರುತುಗಳೂ ಕಂಡವು. ಮುಂದೆ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರ ಉತ್ಖನನ ದಿಬ್ಬದ ಜೊತೆಗಿನ ವಸತಿಯನ್ನೂ ತೋರಿಸಿತು.

ಮೆರುಗಿನ ದೃಷ್ಟಿಯಿಂದ ಇಲ್ಲಿ ನಡೆದದ್ದು ಇಷ್ಟು. ದನಗಳು ಮೇಯ್ದ ಹುಲ್ಲಿನ ಜೀವಕೋಶಗಳಲ್ಲಿದ್ದ ಸಿಲಿಕಾ ಸಗಣಿಯಲ್ಲಿ ಉಳಿಯಿತು. ಅದೇ ಸಗಣಿಯಲ್ಲಿ ಪೊಟ್ಯಾಷ್, ಸುಣ್ಣಗಳೂ ಇದ್ದವು. ದೊಡ್ಡ ರಾಶಿಗೆ ಬೆಂಕಿ ಬಿದ್ದು ಒಳಗೆ ಉಷ್ಣ ಬಹುಕಾಲ ನಿಂತಾಗ ಎಲ್ಲವೂ ಸೇರಿ ಕರಗಿತು. ಪಾತ್ರೆಗೆ ಬಳಿಯುವ ಮೆರುಗಿನಲ್ಲಿ ನಡೆಯುವುದೂ ಇದೇ ರಾಸಾಯನಿಕ ಕ್ರಿಯೆ. ಆ ಗಾಜಿನ ಗಟ್ಟಿ ಕಣ್ಣೆದುರು ಬಿದ್ದಿದ್ದರೂ ಆ ಕಾಲದವರು ಅದನ್ನು ಮಡಕೆಗೆ ಬಳಸಲಿಲ್ಲ. ಅವರ ಮಡಕೆಯ ಮಣ್ಣು ಅಷ್ಟು ಉಷ್ಣ ತಡೆಯುವಂಥದ್ದಲ್ಲ. ಹಲವು ದಿಬ್ಬಗಳ ಬೂದಿಯನ್ನು ಹೊಲದ ಗೊಬ್ಬರಕ್ಕೆಂದು ಗಾಡಿಗಳಲ್ಲಿ ಹೊತ್ತೊಯ್ದಿದ್ದಾರೆ. ನಾಲ್ಕು ಸಾವಿರ ವರ್ಷದ ಈ ದಾಖಲೆ ಅಳಿಯುತ್ತಿರುವುದು ನೋವಿನ ಸಂಗತಿ. ಮೆರುಗಿನ ಪ್ರಯೋಗಕ್ಕೂ ಅಲ್ಲಿಂದ ಒಂದು ಹಿಡಿ ತೆಗೆಯಬಾರದು. ಮನೆಯ ಕುಳ್ಳಿನ ಬೂದಿಯಲ್ಲೂ ಅದೇ ಸತ್ವವಿದೆ.

ಬೀದರಿನ ಬಿಲ್ಲೆಗಳು ಮತ್ತು ಹೊರಗಿನ ಪರಂಪರೆ

ಕಲ್ಯಾಣ ಕರ್ನಾಟಕದಲ್ಲಿ ಸಸ್ಯಬೂದಿಯ ಮೆರುಗಿನ ಪರಂಪರೆಗೆ ಸೇರಿದ ಅತಿ ಭವ್ಯ ಕೆಲಸ ಬೀದರಿನಲ್ಲಿದೆ. ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಭಾಗ ಮತ್ತು ಮಿನಾರಿನ ಮೇಲೆ ನೀಲಿ, ಹಸಿರು, ಬಿಳಿ ಬಿಲ್ಲೆಗಳು ಇಂದಿಗೂ ಉಳಿದಿವೆ. ಕೋಟೆಯ ರಂಗೀನ್ ಮಹಲಿನಲ್ಲೂ ಇವೆ. ಗವಾನ್ ಇರಾನಿನ ಗೀಲಾನದವನು, ಬಿಲ್ಲೆಯ ಕಲೆಯೂ ಇರಾನಿ ಪರಂಪರೆಯದು. ಆ ಪರಂಪರೆಯ ಪಾಕವನ್ನು ಕಾಶಾನಿನ ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲಿ ಬರೆದಿಟ್ಟ. ಬಿಳಿ ಬೆಣಚಿನ ಪುಡಿ, ಮರುಭೂಮಿಯ ಉಪ್ಪುಗಿಡದ ಬೂದಿ, ಹೆಚ್ಚುಕಡಿಮೆ ಸಮಪಾಲು. ಎರಡನ್ನೂ ಕರಗಿಸಿ ಗಾಜು ಮಾಡಿ, ಅರೆದು, ಬಳಿಯಬೇಕು. ಉಪ್ಪುಗಿಡದ ಬೂದಿಯಲ್ಲಿ ಸೋಡಾ ಹೆಚ್ಚಿರುವುದರಿಂದ 1,000 ಡಿಗ್ರಿಯ ಆಸುಪಾಸಿನಲ್ಲೇ ಮೆರುಗು ಕರಗುತ್ತದೆ. ಹಪ್ಪಳಕ್ಕೆ ಹಾಕುವ ಸಜ್ಜೀಕಾರ ಮೂಲತಃ ಇಂಥ ಗಿಡಗಳ ಬೂದಿಯೇ. ಆದರೆ ಸೋಡಾ ಮೆರುಗು ಬೆಣಚು ತುಂಬಿದ ಮೈಗೆ ಮಾತ್ರ ಸರಿಯಾಗಿ ಕೂರುತ್ತದೆ. ಸಾಮಾನ್ಯ ಕೆಂಪು ಮಣ್ಣಿನ ಮೇಲೆ ಆರುವಾಗ ಸಣ್ಣಸಣ್ಣ ಬಿರುಕು ಬಿಡುತ್ತದೆ.

ಹೆಚ್ಚಿನ ಉಷ್ಣದ ಬೂದಿ ಮೆರುಗು ಹುಟ್ಟಿದ್ದು ಚೀನಾದಲ್ಲಿ, ಶಾಂಗ್ ಅರಸರ ಕಾಲದಲ್ಲಿ, ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ. ಕಟ್ಟಿಗೆಯ ಆವಿಗೆಯಲ್ಲಿ ಹಾರಿದ ಬೂದಿ ಪಾತ್ರೆಯ ಹೆಗಲಿನ ಮೇಲೆ ಕೂತು ಗಾಜಾದದ್ದನ್ನು ಕಂಡ ಕುಂಬಾರರು ಮುಂದೆ ಬೂದಿಯನ್ನು ತಾವೇ ಬಳಿಯತೊಡಗಿದರು. ಹಸಿರು ಸೆಲಡಾನ್ ಪಾತ್ರೆಗಳ ಬೇರು ಅದು. ಕೊರಿಯಾದ ಮೂಲಕ ಈ ವಿದ್ಯೆ ಐದನೇ ಶತಮಾನದಲ್ಲಿ ಜಪಾನಿಗೆ ಹೋಯಿತು. ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಲೀಚ್ ಮತ್ತು ಅವರ ಶಿಷ್ಯೆ ಕ್ಯಾಥರೀನ್ ಪ್ಲೇಡೆಲ್-ಬೂವರಿ ಇದನ್ನು ಬೆಳೆಸಿದರು. ಲೀಚ್ ಅವರ ‘ಎ ಪಾಟರ್ಸ್ ಬುಕ್’ ಬಂದದ್ದು 1940ರಲ್ಲಿ. ಭಾರತದ ಕಚ್ಚಾವಸ್ತುಗಳಿಗೆ ತಕ್ಕ ಪಾಕಗಳನ್ನು ನಿರ್ಮಲಾ ಪಟವರ್ಧನ್ ತಮ್ಮ ಕೈಪಿಡಿಯಲ್ಲಿ ಕೊಟ್ಟರು. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಪುದುಚೇರಿಯಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಜ್ ಪಾಟರಿ ಹೆಚ್ಚಿನ ಉಷ್ಣದ ಕುಂಬಾರಿಕೆಯನ್ನು ಒಂದಿಡೀ ತಲೆಮಾರಿಗೆ ಕಲಿಸಿತು.

ಮಾಡುವ ಬಗೆ

ಪೂರ್ತಿ ಉರಿದು ತಿಳಿಬೂದು ಬಣ್ಣಕ್ಕೆ ಬಂದ ಬೂದಿ ಬೇಕು. ಕಪ್ಪಗಿದ್ದರೆ ಇದ್ದಿಲು ಉಳಿದಿದೆ ಎಂದರ್ಥ, ಮತ್ತೊಮ್ಮೆ ಸುಡಬೇಕು. ಮೊಳೆ, ಮಣ್ಣು, ಪ್ಲಾಸ್ಟಿಕ್ ಸುಟ್ಟ ಕಸ ಬೆರೆತಿರಬಾರದು. ಹಿಟ್ಟಿನ ಜರಡಿಯಲ್ಲಿ ಸಾಣಿಸಿ, ದೊಡ್ಡ ಬಾನಿಯಲ್ಲಿ ನೀರು ತುಂಬಿ ನೆನೆಹಾಕಬೇಕು. ಮೇಲೆ ತೇಲುವ ಇದ್ದಿಲನ್ನು ತೆಗೆದು, ಮರುದಿನ ತಿಳಿನೀರನ್ನು ಬಸಿಯಬೇಕು. ಈ ತಿಳಿ ಕೈ ಸುಡುವ ತೀಕ್ಷ್ಣ ಕ್ಷಾರ. ಕೈಗವಸು ಇಲ್ಲದೆ ಮುಟ್ಟಬಾರದು, ಮಕ್ಕಳ ಕೈಗೆ ಸಿಗಬಾರದು. ಎರಡು ಮೂರು ಸಲ ತೊಳೆದರೆ ಕರಗುವ ಪೊಟ್ಯಾಷ್ ಬಹುಪಾಲು ಹೋಗಿ ಬೂದಿ ಸೌಮ್ಯವಾಗುತ್ತದೆ. ತೊಳೆಯದ ಬೂದಿಯ ಮೆರುಗು ಹೆಚ್ಚು ಜೀವಂತವಾಗಿ ಹರಿಯುವುದು ನಿಜ, ಆದರೆ ಡಬ್ಬಿಯಲ್ಲಿಟ್ಟರೆ ದಿನದಿನಕ್ಕೆ ಗುಣ ಬದಲಾಗುತ್ತದೆ. ಹೊಸಬರಿಗೆ ತೊಳೆದದ್ದೇ ಒಳ್ಳೆಯದು.

ಒಣಗಿದ ಬೂದಿಯನ್ನು ತೂಗಿ ಪಾಕ ಮಾಡುವಾಗ 40 ಪಾಲು ಕಟ್ಟಿಗೆ ಬೂದಿ, 40 ಪಾಲು ಫೆಲ್ಡ್‌ಸ್ಪಾರ್, 20 ಪಾಲು ಜೇಡಿ ಎಂಬುದು ಹಲವು ದೇಶಗಳ ಕುಂಬಾರರು ಒಪ್ಪಿದ ಆರಂಭದ ಅಳತೆ. ಹಾಲುಬಿಳಿಗೆ 40 ಪಾಲು ಫೆಲ್ಡ್‌ಸ್ಪಾರ್, 30 ಪಾಲು ಕಟ್ಟಿಗೆ ಬೂದಿ, 30 ಪಾಲು ಹೊಟ್ಟಿನ ಬೂದಿ. ಫೆಲ್ಡ್‌ಸ್ಪಾರ್ ಈ ಸೀಮೆಯ ಗ್ರಾನೈಟ್ ಬಂಡೆಯ ಮುಖ್ಯ ಖನಿಜ. ಕಲ್ಲುಪುಡಿ ಯಂತ್ರಗಳ ನುಣ್ಣನೆಯ ಧೂಳಿನಲ್ಲಿ ಅದು ಬೆಣಚು, ಕಬ್ಬಿಣಗಳೊಂದಿಗೆ ಬೆರೆತು ಸಿಗುತ್ತದೆ. ಕಬ್ಬಿಣದಿಂದ ಬಣ್ಣ ಗಾಢವಾಗುತ್ತದೆ ಅಷ್ಟೇ. ಹೊಲದ ಎರೆಮಣ್ಣನ್ನೇ ಬೂದಿಯೊಂದಿಗೆ ಬೆರೆಸಿದರೆ ಅದರ ಕಬ್ಬಿಣ, ಸುಣ್ಣಗಳಿಂದ ಕಂದು ಛಾಯೆಯ ಮೆರುಗು ನಿರೀಕ್ಷಿಸಬಹುದು. ಪ್ರತಿ ಪಾಕವನ್ನೂ ಮೊದಲು ಸಣ್ಣ ಬಿಲ್ಲೆಗಳ ಮೇಲೆ ಬಳಿದು, ಅವನ್ನು ನಿಲ್ಲಿಸಿ ಸುಟ್ಟು ನೋಡಬೇಕು. ಬೂದಿ ಎಲ್ಲಿಯದು, ಯಾವ ಕಟ್ಟಿಗೆ, ಯಾವ ತಿಂಗಳು ಎಂದು ಬಿಲ್ಲೆಯ ಬೆನ್ನಿಗೆ ಬರೆದಿಡದಿದ್ದರೆ ಒಳ್ಳೆಯ ಮೆರುಗು ಒಮ್ಮೆ ಬಂದು ಮತ್ತೆ ಬಾರದು. ಪಾತ್ರೆಯ ಅಡಿಯಿಂದ ಒಂದು ಬೆರಳಷ್ಟು ಜಾಗ ಮೆರುಗಿಲ್ಲದೆ ಬಿಡಬೇಕು. ಹರಿದು ಇಳಿದರೆ ಪಾತ್ರೆ ಆವಿಗೆಯ ಹಾಸುಕಲ್ಲಿಗೆ ಅಂಟಿಹೋಗುತ್ತದೆ.

ಹೊಟ್ಟಿನ ಬೂದಿಯ ಧೂಳು ಶ್ವಾಸಕೋಶಕ್ಕೆ ಕೇಡು. ಹೆಚ್ಚಿನ ಉಷ್ಣದಲ್ಲಿ ಉರಿದ ಹೊಟ್ಟಿನಲ್ಲಿ ಸಿಲಿಕಾ ಹರಳುಗಟ್ಟಿರುತ್ತದೆ. ಮೂಗು-ಬಾಯಿಗೆ ಮಾಸ್ಕ್ ಕಟ್ಟಿ, ಬೂದಿಯನ್ನು ಒದ್ದೆ ಮಾಡಿಯೇ ಕೆಲಸ ಮಾಡಬೇಕು.

ಮಣ್ಣು ಮತ್ತು ಆವಿಗೆ

ಎರೆಮಣ್ಣು ಒಣಗುವಾಗ ವಿಪರೀತ ಕುಗ್ಗಿ ಸೀಳುತ್ತದೆ. ಅದರಲ್ಲಿನ ಸುಣ್ಣದ ಹರಳುಗಳು ಸುಟ್ಟ ಮೇಲೆ ನೀರು ಹೀರಿ ಉಬ್ಬಿ ಪಾತ್ರೆಯ ಚಕ್ಕೆ ಎಬ್ಬಿಸುತ್ತವೆ. ಕುಂಬಾರರು ಆಯ್ದು ತರುವ ಕೆರೆಮಣ್ಣು ಇದಕ್ಕಿಂತ ಮೇಲು, ಆದರೂ 1,100 ಡಿಗ್ರಿ ದಾಟಿದರೆ ಅದು ಬಾಗುತ್ತದೆ, ಕುಸಿಯುತ್ತದೆ. ಬೂದಿ ಮೆರುಗು ಕರಗುವ ಹೊತ್ತಿಗೆ ಪಾತ್ರೆಯೇ ಕರಗಿರುತ್ತದೆ. ಇದೇ ಮುಖ್ಯ ತೊಡಕು. ಕಡಿಮೆ ಉಷ್ಣದಲ್ಲೇ ಹೊಳಪು ಬರಲೆಂದು ಸೀಸದ ಸಿಂಧೂರ ಬೆರೆಸುವ ದಾರಿಯೊಂದಿದೆ. ಅದನ್ನು ಊಟದ ಪಾತ್ರೆಗೂ, ಮೈಗೆ ತಾಗುವ ಆಭರಣಕ್ಕೂ ಬಳಸಲೇಬಾರದು. ಸೀಸದ ವಿಷ ಮೊದಲು ತಟ್ಟುವುದು ಕೆಲಸ ಮಾಡುವವರಿಗೆ, ಅವರ ಮಕ್ಕಳಿಗೆ.

ಆದ್ದರಿಂದ ಉಷ್ಣ ತಡೆಯುವ ಜೇಡಿಯನ್ನು ಹೊರಗಿನಿಂದ ತರಿಸಿ ಸ್ಥಳೀಯ ಮಣ್ಣಿನೊಂದಿಗೆ ಹದ ಮಾಡಿಕೊಳ್ಳಬೇಕು. ಬೆಳಗಾವಿ ಜಿಲ್ಲೆಯ ಖಾನಾಪುರ ಜೇಡಿಗೂ ಕುಂಬಾರಿಕೆಗೂ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಅಲ್ಲಿದೆ. ಆವಿಗೆಗೆ ಉಷ್ಣ ತಡೆಯುವ ಇಟ್ಟಿಗೆ, ಹೊಗೆಗೂಡು, ಉಷ್ಣ ಅಳೆಯುವ ಸಾಧನ ಬೇಕು. ಮಣಿ, ಬಟ್ಟಲುಗಳಷ್ಟೇ ಆದರೆ ಗ್ಯಾಸ್ ಅಥವಾ ವಿದ್ಯುತ್ತಿನ ಚಿಕ್ಕ ಆವಿಗೆ ಸಾಕಾಗುತ್ತದೆ.

ಮೆರುಗು ಬಂದ ಪಾತ್ರೆಯೆಲ್ಲ ಊಟಕ್ಕೆ ಸಲ್ಲುವುದಿಲ್ಲ. ಬೂದಿ ಹೆಚ್ಚಾಗಿ ಸುಣ್ಣದಿಂದ ಮಂಕಾದ ಮೆರುಗನ್ನು ಹುಳಿ ತಿನ್ನುತ್ತದೆ. ಹುಣಸೆಹುಳಿ ಇಲ್ಲವೇ ನಿಂಬೆರಸವನ್ನು ರಾತ್ರಿಯಿಡೀ ಮೆರುಗಿನ ಮೇಲೆ ಬಿಟ್ಟು ಬೆಳಗ್ಗೆ ತೊಳೆದಾಗ ಬಣ್ಣ ಅಥವಾ ಹೊಳಪು ಮಾಸಿದ್ದರೆ ಆ ಪಾಕ ಹೂದಾನಿಗೆ, ಮಣಿಗೆ ಮಾತ್ರ ಸರಿ. ಮಾರಾಟಕ್ಕಿಡುವ ಊಟದ ಪಾತ್ರೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲೇಬೇಕು.

ಮಾನ್ವಿ, ದೇವದುರ್ಗ, ಪೋತ್ನಾಳಗಳ ಕುಂಬಾರರು ಅಥವಾ ಮಹಿಳಾ ಸಂಘಗಳು ಈ ಕೆಲಸಕ್ಕೆ ಇಳಿಯುವುದಾದರೆ ಮೆರುಗಿನ ಪುಡಿಗೆ ದುಡ್ಡು ಹಾಕಬೇಕಿಲ್ಲ. ಮೊದಲ ಖರ್ಚು 1,250 ಡಿಗ್ರಿ ಮುಟ್ಟುವ ಒಂದು ಸಣ್ಣ ಆವಿಗೆಗೆ, ಎರಡನೆಯದು ಒಳ್ಳೆಯ ಜೇಡಿಗೆ ಆಗಬೇಕು. ಅಂಥ ಆವಿಗೆಯನ್ನು ಒಬ್ಬ ಕುಂಬಾರ ಒಂಟಿಯಾಗಿ ಕಟ್ಟಿಕೊಳ್ಳುವುದು ಕಷ್ಟ. ಹಲವರಿಗೆ ಸೇರಿದ ಆವಿಗೆ ತಾಲ್ಲೂಕಿಗೊಂದು ಆಗುವಂತೆ ಜಿಲ್ಲೆಯ ಕೈಗಾರಿಕಾ ಮತ್ತು ಗ್ರಾಮೋದ್ಯೋಗ ಇಲಾಖೆಗಳು ಮುಂದೆ ಬರಬೇಕು.